ಕಾರು ಅಲ್ಲಾಡಬೇಕು, ಸೀಟು ಅಲ್ಲಾಡಬಾರದು

ನನಗೊಂದು ಅಭ್ಯಾಸವಿದೆ. ಕಟ್ಟಿದ್ದು ಏನೇ ಕಣ್ಣಿಗೆ ಬಿದ್ದರೂ ಹತ್ತಿರ ಹೋಗಿ ಒಂದು ಸಲ ಅಲ್ಲಾಡಿಸಿ ನೋಡಬೇಕು. ಸ್ಕೂಟರಿನ ಹಿಂದೆ ಕಟ್ಟಿದ ಗ್ಯಾಸ್ ಸಿಲಿಂಡರು, ಬಸ್ಸಿನ ಮೇಲೆ ಏರಿಸಿದ ಟ್ರಂಕು, ಮದುವೆ ಮನೆಯ ಚಪ್ಪರದ ಕಂಬ, ಯಾವುದನ್ನೂ ಬಿಟ್ಟವಳಲ್ಲ. ಬಿಗಿಯಾಗಿದ್ದರೆ ನನ್ನ ಪಾಡಿಗೆ ನಾನು ಹೋಗುತ್ತೇನೆ. ಸಡಿಲವಾಗಿದ್ದರೆ ಮಾತ್ರ ಅದರ ಯಜಮಾನರಿಗೆ ನನ್ನಿಂದ ಬಿಡುಗಡೆ ಇಲ್ಲ.

ಒಮ್ಮೆ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಸೈಕಲ್ಲಿನ ಕ್ಯಾರಿಯರಿಗೆ ಟೊಮ್ಯಾಟೊ ಬುಟ್ಟಿ ಕಟ್ಟಿಕೊಂಡು ನಿಂತಿದ್ದ. ಕೈ ತಡೆಯಲಿಲ್ಲ, ಮುಟ್ಟಿದೆ. ಗಂಟು ಬಿಚ್ಚಿಕೊಂಡು ಟೊಮ್ಯಾಟೊಗಳೆಲ್ಲ ರಾಯಕೋಟೆ ಬಸ್ಸಿನ ಕೆಳಗೆ ಉರುಳಿದವು. ಅವನು ಮೊದಲು ತಮಿಳಿನಲ್ಲಿ ಬೈದ, ಆಮೇಲೆ ತೆಲುಗಿನಲ್ಲಿ ಬೈದ, ಎರಡೂ ಸಾಲದೆ ಹೋದಾಗ ಕನ್ನಡಕ್ಕೆ ಬಂದ. ನಾನೂ ಬಿಡಲಿಲ್ಲ. "ದಾರೀಲಿ ಬೀಳೋದು ಇಲ್ಲೇ ಬಿತ್ತು, ಆರಿಸ್ಕೊಳ್ಳೋಕೆ ಸುಲಭ ಆಯ್ತಲ್ಲಪ್ಪ" ಎಂದು ಹೇಳಿ ಸೆರಗು ಸಿಕ್ಕಿಸಿ ಆರಿಸಲು ಕೂತೆ. ನಮ್ಮನೆಯವರು ಮಾತ್ರ ನನ್ನನ್ನು ಕಂಡೇ ಇಲ್ಲವೆನ್ನುವ ಹಾಗೆ ಆಚೆ ತಿರುಗಿ ಸಿನಿಮಾ ಪೋಸ್ಟರ್ ಓದುತ್ತಿದ್ದರು. ತಮಿಳು ಓದಲು ಅವರಿಗೆ ಬರುವುದಿಲ್ಲ.

ಈಗಂತೂ ಚಿಕ್ಕ ಮಕ್ಕಳಿಗೆಂದೇ ಕಾರಿನಲ್ಲಿ ಕೂರಿಸುವ ಸೀಟು ಅಂಗಡಿಯಲ್ಲಿ ಸಿಗುತ್ತದೆ. ನೆಂಟರ ಕಾರಿನಲ್ಲಿ ಅಂಥದ್ದೊಂದು ಕಂಡರೆ ಮುಗಿಯಿತು. ಬಾಗಿಲು ತೆರೆದು, ಸೀಟಿನ ಮೇಲೆ ಮೊಣಕಾಲು ಊರಿ, ನನ್ನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಬೆಲ್ಟು ಹಿಡಿದು ಎಳೆಯುತ್ತೇನೆ. ಈ ವಯಸ್ಸಿನ ಹೆಂಗಸು ಸೀರೆ ಉಟ್ಟುಕೊಂಡು ಅರ್ಧ ಕಾರಿನ ಒಳಗೆ ಅರ್ಧ ಹೊರಗೆ ಇರುವ ದೃಶ್ಯ ಅಷ್ಟೇನೂ ಚೆನ್ನಾಗಿರುವುದಿಲ್ಲ, ಗೊತ್ತು. ಇವಮ್ಮನಿಗೇನಾಗಿದೆ ಎಂದು ಜನ ನೋಡುತ್ತಾರೆ. ಏನಾಗಿದೆ ಎಂದು ನಿಮಗಾದರೂ ಹೇಳಿಬಿಡುತ್ತೇನೆ.

ಕಟ್ಟುವ ವಿದ್ಯೆ ನನಗೆ ಬಂದದ್ದು ತವರಿನಿಂದ. ಹೊಸೂರಿನ ಅಂಚಿನ ಅವಲಪಲ್ಲಿ ನನ್ನೂರು. ಈಗ ಅಲ್ಲಿ ಸಾಲು ಸಾಲು ಮನೆ, ನನ್ನ ಕಾಲಕ್ಕೆ ಸಾಲು ಸಾಲು ರಾಗಿ. ಕೊಯ್ಲು ಮುಗಿದ ಮೇಲೆ ನಮ್ಮಪ್ಪ ರಾಗಿ ಹುಲ್ಲನ್ನು ಗಾಡಿಗೆ ಹೇರುವುದನ್ನು ನೋಡಬೇಕಿತ್ತು. ಗಾಡಿ ಕಾಣದಷ್ಟು, ಎತ್ತೂ ಕಾಣದಷ್ಟು ಹುಲ್ಲು. ಅದರ ಮೇಲೆ ಹಗ್ಗ ಎಸೆದು ಸುಮ್ಮನೆ ಎಳೆದು ಕಟ್ಟಿದರೆ ಎಷ್ಟು ಬಿಗಿ ಎಳೆದರೂ ಪ್ರಯೋಜನವಿಲ್ಲ. ಗಾಡಿ ನಿಂತಿದ್ದಷ್ಟು ಹೊತ್ತು ಹುಲ್ಲು ಉಬ್ಬಿಕೊಂಡು ಮೋಸ ಮಾಡುತ್ತದೆ, ನಾಲ್ಕು ಹಳ್ಳ ಹಾರಿದ ಮೇಲೆ ಕುಸಿಯುತ್ತದೆ, ಹಗ್ಗ ಜೋತು ಬೀಳುತ್ತದೆ. ಅದಕ್ಕೇ ಅಪ್ಪ ನಮ್ಮನ್ನು ಮೇಲೆ ಹತ್ತಿಸಿ ಕುಣಿಯಲು ಬಿಡುತ್ತಿದ್ದರು. "ತುಳೀರೇ, ಚೆನ್ನಾಗಿ ತುಳೀರಿ, ಅದರ ಉಸ್ರು ಹೋಗ್ಲಿ" ಎಂದು ಕೂಗುವರು. ನಾವು ಅಕ್ಕತಂಗಿಯರು ತುಳಿಯುತ್ತಿದ್ದಂತೆ ಅವರು ಕೆಳಗಿನಿಂದ ಹಗ್ಗ ಎಳೆಯುವರು. ತುಳಿಯುವುದು ಎಳೆಯುವುದು ಒಟ್ಟಿಗೇ ಆಗಬೇಕು. ಕಟ್ಟಿ ಆದ ಮೇಲೆ ಗೂಟ ಹಿಡಿದು ಅಲ್ಲಾಡಿಸಿದರೆ ಹುಲ್ಲು ಅಲ್ಲಾಡುವುದಲ್ಲ, ಗಾಡಿಗೆ ಗಾಡಿಯೇ ಅಲ್ಲಾಡಬೇಕು. ಆಮೇಲೆ ಅಷ್ಟು ಜೋಪಾನವಾಗಿ ಕಟ್ಟಿದ ಹುಲ್ಲಿನ ಮೇಲೆ ನಮ್ಮನ್ನು ಸುಮ್ಮನೆ ಕೂರಿಸಿಕೊಂಡು ಊರಿಗೆ ಹೊರಡುತ್ತಿದ್ದರು. ಹುಲ್ಲು ಬೀಳಬಾರದು ಎಂದು ಅಷ್ಟು ಹಗ್ಗ, ಮಕ್ಕಳು ಬೀಳಬಾರದು ಎಂದು ಒಂದು ದಾರವೂ ಇಲ್ಲ.

ಹಾಗೆಂದು ನಮ್ಮಪ್ಪನನ್ನು ಬೈಯಬೇಡಿ. ನಮ್ಮ ಕಡೆ ಯಾರೂ ಮಕ್ಕಳನ್ನು ಕಟ್ಟುತ್ತಿರಲಿಲ್ಲ. ಮಗು ಎಂದರೆ ಸೊಂಟದ ಮೇಲೆ ಇರುವುದು, ಮಡಿಲಲ್ಲಿ ಇರುವುದು, ಬಹಳ ಎಂದರೆ ಸೈಕಲ್ ಕಂಬಿಯ ಮೇಲೆ ಟವಲು ಸುತ್ತಿ ಕೂರಿಸುವುದು. ಬಸ್ಸಿನಲ್ಲಂತೂ ಗುರುತಿಲ್ಲದವರೂ ಕೈಚಾಚಿ ಮಗುವನ್ನು ಇಸಿದುಕೊಂಡು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದರು. ತಾಯಿ ಹಿಂದಿನ ಬಾಗಿಲಲ್ಲಿ, ಮಗು ಡ್ರೈವರ್ ಪಕ್ಕದ ಹೆಂಗಸಿನ ಮಡಿಲಲ್ಲಿ ಕಡಲೆಕಾಯಿ ತಿನ್ನುತ್ತಾ ಇರುತ್ತಿತ್ತು. ಇಳಿಯುವ ಊರು ಬಂದಾಗ ಕೈಯಿಂದ ಕೈಗೆ ದಾಟಿ ವಾಪಸು ಬರುತ್ತಿತ್ತು. ಒಂದೂ ಕಳೆದುಹೋದದ್ದನ್ನು ನಾನು ಕೇಳಿಲ್ಲ.

ನನ್ನನ್ನು ಉದ್ದನಪಲ್ಲಿಗೆ ಕೊಟ್ಟರು. ನಮ್ಮನೆಯವರು ಬೆಳಿಗ್ಗೆ ಬಸ್ಸು ಹತ್ತಿ ಹೊಸೂರಿನ ಒಂದು ಕಾರ್ಖಾನೆಗೆ ಫಿಟ್ಟರ್ ಕೆಲಸಕ್ಕೆ ಹೋಗುವವರು. ಮಾತು ಕಡಿಮೆ, ಕೈ ಚುರುಕು. ಅವರ ಅಣ್ಣ ಮುನಿರಾಜ ಬಾವ ಒಂದು ಹಳೇ ಅಂಬಾಸಿಡರ್ ಕಾರು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದರು. ಇವರಿಬ್ಬರನ್ನೂ ಹೆತ್ತ ನಮ್ಮತ್ತೆ ಮನೆ, ಹೊಲ, ಕೇರಿ ಮೂರನ್ನೂ ಆಳುತ್ತಿದ್ದವರು. ಅವರ ಗಂಟಲಿಗೆ ಹೆದರಿ ನಮ್ಮ ಬೀದಿಯಲ್ಲಿ ಕೋಳಿಗಳು ಕೂಡ ಬೇಲಿ ದಾಟುತ್ತಿರಲಿಲ್ಲ. ನಾನೂ ಅವರೂ ಜಗಳವಾಡುವುದನ್ನು ಕೇಳಲು ಪಕ್ಕದ ಮನೆಯ ರಾಧಮ್ಮ ಅಕ್ಕಿ ಆರಿಸುವ ಮೊರ ತಂದು ನಮ್ಮ ಗೋಡೆಗೆ ಒರಗಿ ಕೂರುತ್ತಿದ್ದಳು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ಮಗಳು ಶೈಲ ಹುಟ್ಟಿದಳು. ಗುಂಡು ಗುಂಡಾಗಿದ್ದಳು. ಆದರೆ ಹೆಜ್ಜೆ ಇಡುವ ವಯಸ್ಸು ಬಂದಾಗ ಒಂದು ಪಕ್ಕಕ್ಕೆ ವಾಲಿಕೊಂಡು ಹೆಜ್ಜೆ ಇಟ್ಟಳು. ಒಂದು ಕಾಲು ಇನ್ನೊಂದಕ್ಕಿಂತ ತುಸು ಗಿಡ್ಡ ಕಾಣಿಸಿತು. ದೃಷ್ಟಿ ಎಂದರು, ನಡಿಗೆ ಕಲಿಯುವಾಗ ಎಲ್ಲ ಮಕ್ಕಳೂ ಹಾಗೇ ಎಂದರು, ಹರಳೆಣ್ಣೆ ಹಚ್ಚಿ ಎಳೆದರೆ ಕಾಲು ಉದ್ದವಾಗುತ್ತದೆ ಎಂದರು. ನಾನು ಯಾರ ಮಾತನ್ನೂ ಕೇಳದೆ ಅವಳನ್ನು ಎತ್ತಿಕೊಂಡು ಬೆಂಗಳೂರಿನ ಮೂಳೆ ಆಸ್ಪತ್ರೆಗೆ ಹೋದೆ. ಅಲ್ಲಿದ್ದ ವಯಸ್ಸಾದ ಡಾಕ್ಟರು ಕಾಲುಗಳನ್ನು ಅಗಲಿಸಿ ಮಡಿಸಿ ನೋಡಿದರು. ತೊಡೆಯ ಮೂಳೆಯ ತುದಿ ಸೊಂಟದ ಗುಳಿಯಲ್ಲಿ ಕೂತಿಲ್ಲವಂತೆ, ಹುಟ್ಟುವಾಗಲೇ ಜಾರಿದೆಯಂತೆ.

ಮೈಮರೆಯುವ ಮದ್ದು ಕೊಟ್ಟು, ಮೂಳೆಯನ್ನು ಗುಳಿಗೆ ಕೂರಿಸಿ, ಎದೆಯಿಂದ ಪಾದದ ಗಂಟಿನವರೆಗೆ ಪ್ಲಾಸ್ಟರ್ ಹಾಕಿದರು. ನಮ್ಮ ಕಡೆ ಅದಕ್ಕೆ ಮಾವುಕಟ್ಟು ಎನ್ನುತ್ತಾರೆ, ತಮಿಳಿನ ಮಾತು, ಹಿಟ್ಟಿನ ಕಟ್ಟು ಎಂದು ಅರ್ಥ. ಎರಡು ಕಾಲೂ ಅಗಲವಾಗಿ ಚಾಚಿಕೊಂಡು ನಿಂತುಬಿಟ್ಟಿದ್ದವು. ನಾನು ಅದನ್ನು ನೋಡಿ ಅತ್ತುಬಿಟ್ಟೆ. ಡಾಕ್ಟರು ನಗುತ್ತಾ ಹೇಳಿದರು: "ನೀವು ಮಗೂನ ಸೊಂಟದ ಮೇಲೆ ಹೇಗೆ ಎತ್ಕೋತೀರಿ? ಕಾಲು ಹೀಗೇ ತಾನೇ ಇರುತ್ತೆ? ಈ ಪ್ಲಾಸ್ಟರ್ ಅವಳನ್ನ ಹಗಲೂ ರಾತ್ರಿ ಸೊಂಟದ ಮೇಲೆ ಎತ್ಕೊಂಡಿದೆ ಅಂತ ತಿಳ್ಕೊಳ್ಳಿ." ಆಮೇಲೆ ನಗು ನಿಲ್ಲಿಸಿದರು. "ಒಂದೇ ಮಾತು ನೆನಪಿರಲಿ. ಮೂಳೆ ಈಗ ಕೂತಿದೆ. ತಿಂಗಳುಗಟ್ಟಲೆ ಅಲ್ಲೇ ಕೂತಿರಬೇಕು. ಜೋರಾಗಿ ಏಟು ಬಿದ್ದು ಪ್ಲಾಸ್ಟರ್ ಒಡೆದು ಮೂಳೆ ಜಾರಿತು ಅಂದ್ರೆ ಕೊಯ್ದು ಕೂರಿಸಬೇಕಾಗುತ್ತೆ. ಆಗ ಇಷ್ಟು ಚೆನ್ನಾಗಿ ಕೂರುತ್ತೆ ಅಂತ ನಾನು ಭರವಸೆ ಕೊಡಲಾರೆ."

ಅವತ್ತು ಬಸ್ಸಿನಲ್ಲಿ ವಾಪಸು ಬಂದೆವು. ಆ ಕಾಲುಗಳು ಯಾವ ಸೀಟಿನಲ್ಲೂ ಹಿಡಿಯಲಿಲ್ಲ. ಕಲ್ಲಿನಷ್ಟು ಭಾರ. ನನ್ನ ತೊಡೆ, ನಮ್ಮನೆಯವರ ತೊಡೆ, ಎರಡರ ಮೇಲೂ ಅಡ್ಡ ಮಲಗಿಸಿಕೊಂಡರೆ ಪಾದಗಳು ಓಡಾಡುವ ದಾರಿಗೆ ಚಾಚಿಕೊಂಡವು. ಹತ್ತುವವರು ಇಳಿಯುವವರು ತಗುಲಿಸಿಕೊಂಡು ಹೋಗುವರು. ಒಂದೊಂದು ಹಳ್ಳಕ್ಕೂ ಅವಳು ಚೀರಿದಳು, ನಾನು ಹಲ್ಲು ಕಚ್ಚಿದೆ. ಪ್ಲಾಸ್ಟರ್ ಬದಲಾಯಿಸಲು, ಎಕ್ಸ್‌ರೇ ತೆಗೆಸಲು ಎಂದು ಮತ್ತೆ ಮತ್ತೆ ಹೋಗಬೇಕಿತ್ತು. ಹೊಸೂರಿನಲ್ಲಿ ಇಳಿದಾಗ ನಮ್ಮನೆಯವರು ಅಂದಿನ ಮೊದಲ ಮಾತಾಡಿದರು: "ಇನ್ನೊಂದ್ಸಲ ಇಂಗೆ ಕರ್ಕೊಂಡೋಗಲ್ಲ."

ಮರುದಿನ ಕೆಲಸದಿಂದ ಬಂದವರೇ ಮಲಗಿದ್ದ ಮಗಳ ಅಳತೆಯನ್ನು ದಾರ ಹಿಡಿದು ತೆಗೆದುಕೊಂಡರು. ಕೆಲವು ದಿನಗಳಲ್ಲಿ ಒಂದು ಸೀಟು ಮಾಡಿಯೇಬಿಟ್ಟರು. ಪೈಪು ಬಗ್ಗಿಸಿ ಮಾಡಿದ ಚೌಕಟ್ಟು, ಅದಕ್ಕೆ ಮಂಚದ ನವಾರು ಹೆಣೆದ ಬೆನ್ನು, ತಳ. ಮುಂದೆ ಕಾಲುಗಳು ಚಾಚಿಕೊಳ್ಳಲು ಅಗಲವಾದ ಜಾಗ, ಎದೆಗೂ ಹೆಗಲಿಗೂ ಹಾಕಲು ನವಾರಿನ ಪಟ್ಟಿ. ಶೈಲಳನ್ನು ಅದರಲ್ಲಿ ಕೂರಿಸಿದರೆ ಹೇಳಿ ಮಾಡಿಸಿದ ಹಾಗೆ ಕೂತಳು. ಹೇಳದೆಯೇ ಮಾಡಿದ್ದು, ಅದು ಬೇರೆ ಮಾತು. ಇನ್ನು ಈ ಸೀಟನ್ನು ಬಾವನ ಕಾರಿಗೆ ಕಟ್ಟಬೇಕಲ್ಲ, ಅಂಬಾಸಿಡರಿನಲ್ಲಿ ಬೆಲ್ಟು ಎಲ್ಲಿಂದ ಬರಬೇಕು? ಕಾರ್ಖಾನೆಗೆ ಬಂದಿದ್ದ ಯಾವುದೋ ಪರದೇಶದ ಕಾರಿನಲ್ಲಿ ಸೊಂಟಕ್ಕೆ ಹಾಕುವ ಪಟ್ಟಿಯನ್ನು ನಮ್ಮನೆಯವರು ನೋಡಿದ್ದರಂತೆ. ಬೆಂಗಳೂರಿನ ಗುಜರಿಯಲ್ಲಿ ಹುಡುಕಿ ಅಂಥದ್ದೇ ಒಂದು ಜೋಡಿ ತಂದರು. ಅದನ್ನು ಕೂರಿಸಬೇಕಾದರೆ ಕಾರಿನ ತಳಕ್ಕೆ ತೂತು ಕೊರೆಯಬೇಕು, ಬೋಲ್ಟು ಹಾಕಬೇಕು, ಬೋಲ್ಟು ತಗಡನ್ನು ಹರಿದುಕೊಂಡು ಬರದ ಹಾಗೆ ಅಡಿಯಲ್ಲಿ ಕಬ್ಬಿಣದ ಪ್ಲೇಟು ಕೊಡಬೇಕು.

"ನನ್ ಕಾರ್ಗೆ ತೂತು ಕೊರೀತೀಯೇನ್ಲಾ?" ಬಾವ ಅಂಗಳದಲ್ಲಿ ನಿಂತು ಕೂಗಿದರು. "ನಂಗೆ ಅನ್ನ ಹಾಕೋ ಗಾಡಿ ಕಣ್ಲಾ ಅದು! ನಿನ್ ಹೊಟ್ಟೆಗೆ ಕೊರ್ಕೋ ಹೋಗು ತೂತ!"

ಆ ಕಾರನ್ನು ಅವರು ಹೇಗೆ ಇಟ್ಟುಕೊಂಡಿದ್ದರೆಂದರೆ ಸೀಟಿಗೆ ಹಾಕಿದ ಪ್ಲಾಸ್ಟಿಕ್ಕನ್ನು ಕೂಡ ತೆಗೆದಿರಲಿಲ್ಲ, ಬೇಸಿಗೆಯಲ್ಲಿ ಕೂತವರ ಬೆನ್ನು ಅದಕ್ಕೇ ಅಂಟಿಕೊಳ್ಳುತ್ತಿತ್ತು. ನಮ್ಮನೆಯವರು ಒಳಗೆ ಹೋದರು. ಬೆಳಿಗ್ಗೆ ಎದ್ದು ನೋಡಿದರೆ ಬಾವ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಕಾರಿನ ಅಡಿಯಲ್ಲಿ ಮಲಗಿದ್ದಾರೆ, ಕಾಲು ಮಾತ್ರ ಹೊರಗೆ. "ಎಲ್ಲಿ ಕೊರೀಬೇಕು ಅಂತ ಗುರ್ತು ಹಾಕಿವ್ನಿ, ಬಂದು ಬೇಗ ಕೊರ್ಯೋ" ಎನ್ನುತ್ತಿದ್ದಾರೆ. ನನಗೆ ಕಣ್ಣು ತುಂಬಿತು. ಅವರ ಪಾದಗಳಿಗೇ ಕೈ ಮುಗಿದು ಕಾಫಿ ತರಲು ಹೋದೆ.

ಅತ್ತೆಗೆ ಮಾತ್ರ ಇದು ಸುತರಾಂ ಒಪ್ಪಿಗೆಯಾಗಲಿಲ್ಲ. "ಕಟ್ಟಾಕಾಕೆ ಅದೇನು ಕರಾನಾ?" ಎಂದರು. "ಹೆಣ್ಣುಮಗೂನ ಕಬ್ಬಿಣಕ್ಕೆ ಕಟ್ತಾರಂತೆ, ಕಾಲ ಕೆಟ್ಟೋಯ್ತು." ಮಗನ ಹಟ ಗೊತ್ತಿದ್ದರಿಂದ ಅಷ್ಟಕ್ಕೇ ಬಿಟ್ಟರು. ಬಿಟ್ಟರು ಎಂದು ನಾವು ತಿಳಿದುಕೊಂಡೆವು.

ಹೊರಡುವ ದಿನ ನಮ್ಮನೆಯವರು ಡ್ಯೂಟಿಗೆ ಹೋಗಿದ್ದರು. ಕಾರಿನಲ್ಲಿ ಬಾವ, ಅತ್ತೆ, ನಾನು, ಶೈಲ ಇಷ್ಟೇ ಜನ. ಸೀಟನ್ನು ಒಳಗಿಟ್ಟ ಕೂಡಲೇ ಕೇರಿಯೇ ಬಂದು ಬಾಗಿಲಿಗೆ ನಿಂತಿತು. ನಮ್ಮ ಕಡೆ ದೂರ ಹೋಗುವ ಮಗುವನ್ನು ಬರಿಗೈಯಲ್ಲಿ ಬಂದು ಕಳಿಸುವುದಿಲ್ಲ, ಬರಿಯ ಹಲಗೆಯ ಮೇಲೆ ಕೂರಿಸುವುದೂ ಇಲ್ಲ. ಮೆತ್ತಗಿರುವುದನ್ನು ಏನಾದರೂ ಹಾಸಬೇಕು, ಇಲ್ಲದಿದ್ದರೆ ದಿಕ್ಕಿಲ್ಲದ ಮಗು ಎಂದು ಅರ್ಥ. ಅತ್ತೆ ಸೀಟಿನ ಅಡಿಗೆ ತಮ್ಮ ಹತ್ತಿಯ ದಿಂಬು ತುರುಕಿದರು. ಬೆನ್ನಿಗೆ ಹಳೇ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಮಡಿಸಿ ಇಟ್ಟರು. ರಾಧಮ್ಮ "ಅಯ್ಯೋ ಪಾಪಂ ಬಿಡ್ಡ" ಎಂದು ತೆಲುಗಿನಲ್ಲಿ ಮರುಗುತ್ತಾ ತನ್ನ ಮಗಳ ಬಾಣಂತನಕ್ಕೆಂದು ಇಟ್ಟಿದ್ದ ಪುಟ್ಟ ಹಾಸಿಗೆಯನ್ನೇ ತಂದುಕೊಟ್ಟಳು. ಇನ್ನು ಯಾರೋ ಟವಲು, ಯಾರೋ ಶಾಲು. ಅಷ್ಟರ ಮೇಲೆ ಬಾವ ಬೆಲ್ಟು ಹಾಕಿ ಬಲವಾಗಿ ಎಳೆದರು. ಬಕಲ್ಲು ಟಕ್ ಎಂದಿತು. ಕೈಯಿಟ್ಟು ನೋಡಿದೆ, ತಬಲದ ಹಾಗೆ ಬಿಗಿಯಾಗಿತ್ತು. ಶೈಲ ಆ ಮೆತ್ತೆಗಳ ಮಧ್ಯೆ ಉತ್ಸವಮೂರ್ತಿಯ ಹಾಗೆ ಕೂತು ಎಲ್ಲರಿಗೂ ಟಾಟಾ ಮಾಡಿದಳು. ಇಷ್ಟು ಚೆನ್ನಾಗಿ ಬೆಂಗಳೂರಿಗೆ ಹೋದ ಮಗು ನಮ್ಮೂರಲ್ಲಿ ಇನ್ನೊಂದಿಲ್ಲ ಎಂದು ನನಗೂ ಒಳಗೊಳಗೇ ಹೆಮ್ಮೆ.

ಹುರುಳಿ ಕೊಯ್ಲಿನ ಕಾಲ. ನಮ್ಮ ಕಡೆ ಕಣ ಮಾಡುವ ಕಷ್ಟ ಯಾರಿಗೆ ಬೇಕು? ಟಾರು ರಸ್ತೆಯ ಮೇಲೆ ಹುರುಳಿ ಗಿಡ ಹರಡಿಬಿಟ್ಟರೆ ಬರುವ ಹೋಗುವ ಬಸ್ಸು ಲಾರಿಗಳೇ ಒಕ್ಕಣೆ ಮಾಡಿಕೊಡುತ್ತವೆ. ನಮ್ಮ ಹುರುಳಿಯನ್ನೂ ಹಿಂದಿನ ವಾರ ಹಾಗೇ ಒಕ್ಕಿದ್ದೆವು. ಗಿಡದ ಕೆಳಗೆ ಉದುರಿದ ಕಾಳು ನುಣ್ಣಗೆ ಉರುಳುತ್ತದೆ, ಅದರ ಮೇಲೆ ಚಕ್ರ ಹಿಡಿತ ತಪ್ಪುತ್ತದೆ, ಇದು ಎಲ್ಲ ಡ್ರೈವರಿಗೂ ಗೊತ್ತು. ಬಾವನೂ ನಿಧಾನವಾಗಿಯೇ ಹೋಗುತ್ತಿದ್ದರು. ಒಂದು ತಿರುವಿನಲ್ಲಿ ಹುರುಳಿ ಹರಡಿದ್ದ ಕಡೆ ಗಿಡ ತಿರುವಿಹಾಕುತ್ತಿದ್ದ ಮುದುಕಿಯೊಬ್ಬಳು ತಲೆ ಎತ್ತದೆ ರಸ್ತೆಯ ನಡುವಿಗೆ ಹಿಂದೆ ಹಿಂದೆ ನಡೆದು ಬಂದಳು. ಬಾವ ಬ್ರೇಕು ಒತ್ತಿದರು. ಕಾರು ನಿಲ್ಲಲಿಲ್ಲ, ಜಾರಿತು. ಅಡ್ಡಡ್ಡ ತಿರುಗಿ ರಸ್ತೆಯ ಅಂಚಿನ ಮಣ್ಣಿನ ದಿಬ್ಬಕ್ಕೆ ದಪ್ಪೆಂದು ತಾಗಿ ನಿಂತಿತು.

ಮುದುಕಿಗೆ ಏನೂ ಆಗಲಿಲ್ಲ. ನಮಗೂ ಆಗಲಿಲ್ಲ. ಆದರೆ ಮಗಳ ಸೀಟು ಮುಂದಕ್ಕೆ ಮುಗ್ಗರಿಸಿ, ಅವಳ ಒಂದು ಕಾಲಿನ ಪ್ಲಾಸ್ಟರ್ ಮುಂದಿನ ಸೀಟಿನ ಬೆನ್ನಿಗೆ ಬಡಿಯಿತು. ಟಪ್ ಎಂದು ಸದ್ದಾಯಿತು. ಬೆಲ್ಟು ಹಾಕಿದ್ದು ಹಾಕಿದ ಹಾಗೇ ಇದೆ, ಬಕಲ್ಲು ಬಿಟ್ಟಿಲ್ಲ, ಬೋಲ್ಟು ಅಲ್ಲಾಡಿಲ್ಲ, ಆದರೂ ಸೀಟು ಬೆಲ್ಟಿನೊಳಗೆ ಜೋಕಾಲಿಯಾಡುತ್ತಿದೆ. ಶೈಲ ಒಂದು ಕ್ಷಣ ನನ್ನ ಮುಖ ನೋಡಿದಳು, ಆಮೇಲೆ ಬಾಯಿ ತೆರೆದಳು. ಸೊಂಟದ ಹತ್ತಿರ ಪ್ಲಾಸ್ಟರಿನಲ್ಲಿ ಕೂದಲೆಳೆಯಂಥ ಬಿರುಕು.

ಅಲ್ಲಿಂದ ಬೆಂಗಳೂರಿನವರೆಗೆ ನಾನು ಸೀಟನ್ನು ಎರಡು ತೋಳಿನಿಂದ ತಬ್ಬಿ ಹಿಡಿದು ಕಾರಿನ ತಳದಲ್ಲಿ ಮಂಡಿಯೂರಿ ಕೂತಿದ್ದೆ. ಅತ್ತಿಬೆಲೆ ಚೆಕ್‌ಪೋಸ್ಟಿನಲ್ಲಿ ಪೊಲೀಸಿನವನು ಬಗ್ಗಿ ನೋಡಿ ಏನೋ ಕೇಳಲು ಬಂದವನು ನನ್ನ ಮುಖ ನೋಡಿ ಕೈಬೀಸಿ ಬಿಟ್ಟುಬಿಟ್ಟ. ಕೊಯ್ಯಬೇಕಾಗುತ್ತದೆಯೇ, ನನ್ನ ಮಗಳು ಜೀವಮಾನವೆಲ್ಲ ವಾಲಿಕೊಂಡೇ ನಡೆಯಬೇಕೇ, ಬೇರೆ ಯೋಚನೆಯೇ ಇರಲಿಲ್ಲ. ನಾನು ಧೈರ್ಯಸ್ಥೆ ಎಂದು ಹೆಸರಾದವಳು. ಆ ಎರಡು ಗಂಟೆ ಮಾತ್ರ ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹಿಡಿದವರು ಹಿಡಿದೇ ಇದ್ದರು. ಅತ್ತೆ ನನ್ನ ರಟ್ಟೆಯನ್ನು ಹಿಂಡುತ್ತಿದ್ದರು.

"ಕೂತಿದೆ" ಎಂದರು ಡಾಕ್ಟರು. "ಪುಣ್ಯ. ಜಾರಿಲ್ಲ. ಇನ್ನೊಂದು ಏಟಿಗೆ ನಾನು ಜವಾಬ್ದಾರನಲ್ಲ."

ಪ್ಲಾಸ್ಟರ್ ಬದಲಾಯಿಸುವವರೆಗೆ ನಾನು ಆಸ್ಪತ್ರೆಯ ಅಂಗಳದಲ್ಲಿ ನಿಂತಿದ್ದ ಕಾರಿಗೆ ಬಂದೆ. ಮಗಳು ಜೀವಂತ ಇದ್ದಾಳೆ, ಮೂಳೆ ಜಾಗದಲ್ಲಿದೆ, ಇನ್ನು ಅಳುವುದು ಯಾಕೆ ಎಂದು ಮೂಗು ಒರೆಸಿಕೊಂಡು ಸೀಟಿನ ಅಡಿಯಿಂದ ಒಂದೊಂದೇ ಎಳೆದು ಹಾಕಿದೆ. ದಿಂಬು ಬಂತು, ಹಪ್ಪಳದ ಹಾಗೆ ಚಪ್ಪಟೆಯಾಗಿತ್ತು. ಕೌದಿ ಬಂತು. ರಾಧಮ್ಮನ ಹಾಸಿಗೆ ಬಂತು. ಶಾಲು ಬಂತು, ಟವಲು ಬಂತು, ಕೊನೆಗೆ ಒಂದು ಬೇವಿನ ಸೊಪ್ಪಿನ ಗಂಟೂ ಬಂತು. ಬಾವ ತಲೆ ಕೆರೆದುಕೊಂಡು, "ಅಲ್ಲಮ್ಮ, ಅಷ್ಟು ಬಿಗಿಯಾಗಿ ಎಳ್ದಿದ್ನಲ್ಲಾ ನಾನು?" ಎಂದರು.

ಎಳೆದದ್ದು ನಿಜ. ಆದರೆ ಬೆಲ್ಟು ಹಿಡಿದುಕೊಂಡಿದ್ದು ಸೀಟನ್ನಲ್ಲ, ಹತ್ತಿಯನ್ನು. ಉದ್ದನಪಲ್ಲಿ ರಸ್ತೆಯ ಹಳ್ಳಗಳಲ್ಲಿ ಹತ್ತಿಯ ಉಸಿರು ಹೋಯಿತು, ಬೆಲ್ಟು ಸಡಿಲವಾಯಿತು. ಇದು ನಮ್ಮಪ್ಪನ ಹುಲ್ಲುಗಾಡಿಯ ಲೆಕ್ಕವೇ ಎಂದು ನನಗೆ ಆಗ ಹೊಳೆಯಿತು. ಅಂಬಾಸಿಡರಿನ ಹಿಂದಿನ ಸೀಟೂ ಸ್ಪ್ರಿಂಗು, ನಾರು ತುಂಬಿದ್ದೇ ತಾನೇ, ಅದರದ್ದೂ ಉಸಿರು ತೆಗೆಯಬೇಕು. ಎಲ್ಲವನ್ನೂ ಆಚೆ ಹಾಕಿ, ಬರಿಯ ಸೀಟನ್ನು ಇಟ್ಟು, ಬೆಲ್ಟನ್ನು ಚೌಕಟ್ಟಿನ ಒಳಗಿಂದ ತೂರಿಸಿ, ಸೆರಗು ಸಿಕ್ಕಿಸಿ, ಅದರ ಮೇಲೆ ಮೊಣಕಾಲು ಊರಿ ನನ್ನ ಭಾರವನ್ನೆಲ್ಲ ಬಿಟ್ಟೆ. ಆಗಿನ ನನ್ನ ಭಾರವೂ ಏನು ಕಡಿಮೆಯದ್ದಲ್ಲ. "ಈಗ ಎಳೀರಿ ಬಾವ" ಎಂದೆ. ಅವರು ಎಳೆದರು, ನಾನು ಇನ್ನಷ್ಟು ಒತ್ತಿದೆ, ಅವರು ಇನ್ನಷ್ಟು ಎಳೆದರು. ಮೊಣಕಾಲು ತೆಗೆದು ಸೀಟನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಸೀಟು ಅಲ್ಲಾಡಲಿಲ್ಲ. ಕಾರೇ ಅಲ್ಲಾಡಿತು.

ಮುಂದಿನ ಸಲ ಹೊರಡುವ ಹೊತ್ತಿಗೆ ಕೇರಿ ಮತ್ತೆ ಬಂತು, ಕೈಯಲ್ಲಿ ಮತ್ತೆ ಮೆತ್ತೆಗಳು. ನಾನು ಕಾರಿನ ಬಾಗಿಲಿಗೆ ಅಡ್ಡ ನಿಂತೆ. ಎಲ್ಲರ ಕೈಯಿಂದಲೂ ಇಸಿದುಕೊಂಡು, ಎಲ್ಲರಿಗೂ ಒಳ್ಳೆಯ ಮಾತು ಹೇಳಿ, ಎಲ್ಲವನ್ನೂ ಜಗುಲಿಯ ಮೇಲೆ ಒಟ್ಟಿದೆ. ಅತ್ತೆ ದಿಂಬು ಹಿಡಿದುಕೊಂಡು ಬಂದಾಗ ಒಳ್ಳೆಯ ಮಾತು ಮುಗಿದುಹೋಗಿತ್ತು.

"ಬ್ಯಾಡ ಅತ್ತೆ. ಇದ್ನ ಇಟ್ರೆ ಬೆಲ್ಟು ಸಡ್ಲ ಆಗ್ತದೆ. ಹೋದ್ಸಲ ನೋಡಿದ್ರಲ್ಲ."

"ಅದು ಹುಳ್ಳಿ ಮೇಲೆ ಜಾರಿದ್ದಕ್ಕಾಗಿದ್ದು. ನನ್ ದಿಂಬೇನೇ ಮಾಡ್ತು?"

"ದಿಂಬೇ ಮಾಡಿದ್ದು."

"ಬರೀ ಕಂಬಿ ಮೇಲೆ ಕೂರುಸ್ತೀಯಾ? ಹೆತ್ತೋಳಾ ನೀನು? ನಿನ್ನೆದೆ ಏನು ಕಲ್ಲಾ?"

ರಾಧಮ್ಮ ಮೊರವನ್ನು ಕೆಳಗಿಟ್ಟಳು. ನಾನು ಹೇಳಿದೆ: "ಹೂಂ ಅತ್ತೆ, ಕಲ್ಲೇ. ಅವ್ಳು ನಡ್ಯೋವರ್ಗೂ ಕಲ್ಲೇ. ಆಮೇಲೆ ನೀವು ಹೆಂಗೆ ಹೇಳಿದ್ರೆ ಹಂಗೆ."

ಅತ್ತೆ ಇನ್ನು ಬರುವುದಿಲ್ಲವೇನೋ ಎಂದುಕೊಂಡೆ. ನಾನು ಮೊಣಕಾಲು ಊರಿ, ಬಾವ ಬೆಲ್ಟು ಎಳೆದು, ನಾನು ಅಲ್ಲಾಡಿಸಿ, ಶೈಲಳನ್ನು ಕೂರಿಸಿ ಪಟ್ಟಿ ಹಾಕುವವರೆಗೂ ಅವರು ಅಲ್ಲೇ ನಿಂತಿದ್ದರು. ಆಮೇಲೆ ಆ ಕಡೆಯ ಬಾಗಿಲಿನಿಂದ ಬಂದು ಮೊಮ್ಮಗಳ ಪಕ್ಕದಲ್ಲಿ ಕೂತು, ದಿಂಬನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಬೆಂಗಳೂರು ಸೇರುವವರೆಗೆ ನನ್ನೊಂದಿಗೆ ಒಂದು ಮಾತಿಲ್ಲ. ಅತ್ತಿಬೆಲೆ ದಾಟಿದ ಮೇಲೆ ಶೈಲ ತೂಕಡಿಸಿ ತಲೆ ಪಕ್ಕಕ್ಕೆ ವಾಲಿಸಿದಾಗ ಅತ್ತೆ ತಮ್ಮ ಅಂಗೈಯನ್ನು ಅವಳ ಕೆನ್ನೆಗೆ ಆನಿಸಿ ಹಿಡಿದರು. ಹಾಗೇ ಹಿಡಿದುಕೊಂಡೇ ಕೂತಿದ್ದರು, ಕೈ ಬದಲಾಯಿಸಲಿಲ್ಲ. ಆ ದಿನ ಅತ್ತೆಯ ಮೇಲೆ ನನಗೆ ಬಂದಷ್ಟು ಪ್ರೀತಿ ಇನ್ನೆಂದೂ ಬಂದಿಲ್ಲ. ಹಾಗೆಂದು ದಿಂಬು ಮಾತ್ರ ಒಳಗೆ ಬಿಡಲಿಲ್ಲ.

ಆ ಸೀಟಿನಲ್ಲಿ ಶೈಲ ಎಷ್ಟೋ ಸಲ ಬೆಂಗಳೂರಿಗೆ ಹೋಗಿ ಬಂದಳು. ದಾರಿಯಲ್ಲಿ ಬಾವ ಬ್ರೇಕು ಹಾಕದ ದಿನವಿರಲಿಲ್ಲ. ಎಮ್ಮೆಗೆ ಹಾಕಿದರು, ಲಾರಿಗೆ ಹಾಕಿದರು, ಸುಮ್ಮಸುಮ್ಮನೆಯೂ ಹಾಕಿದರು. ನಾವು ಮುಂದಕ್ಕೆ ಮುಗ್ಗರಿಸಿ ತಲೆ ಚಚ್ಚಿಸಿಕೊಳ್ಳುವೆವು, ಅವಳು ಮಾತ್ರ ಕೂತಲ್ಲೇ ಕೂತು ನಮ್ಮನ್ನು ನೋಡಿ ಕೈತಟ್ಟಿ ನಗುವಳು. ಬಾವನ ಕಾರಿಗೆ ಬಾಡಿಗೆಗೆ ಬರುವವರು ಹಿಂದಿನ ಸೀಟಿನ ಪಟ್ಟಿ ಯಾಕೆ ಎಂದು ಕೇಳಿದರೆ, "ಫಾರಿನ್ ಸಿಸ್ಟಮ್ಮು" ಎಂದು ಹೇಳಿ ಮೀಸೆ ತಿರುವುತ್ತಿದ್ದರಂತೆ.

ಪ್ಲಾಸ್ಟರ್ ತೆಗೆದ ದಿನ ಶೈಲಳ ಕಾಲು ನೋಡಲಾಗುತ್ತಿರಲಿಲ್ಲ, ಹುರುಳಿ ಗಿಡದ ಕಡ್ಡಿಯಷ್ಟು ಸಣ್ಣ. ಅತ್ತೆ ದಿನಾ ಎಣ್ಣೆ ನೀವಿದರು, ಹಾಡು ಹೇಳಿಕೊಂಡು ಕಾಲು ಆಡಿಸಿದರು. ಅವಳು ಗೋಡೆ ಹಿಡಿದಳು, ಕಂಬ ಹಿಡಿದಳು, ಅತ್ತೆಯ ಸೆರಗು ಹಿಡಿದಳು. ಹಿಡಿಯದೆ ನಾಲ್ಕು ಹೆಜ್ಜೆ ಇಟ್ಟರೆ ನಾವೆಲ್ಲ ಕೈಚಾಚಿಕೊಂಡು ಸುತ್ತ ನಿಲ್ಲುತ್ತಿದ್ದೆವು. ಅವಳು ಬೀಳಲು ನಾವು ಬಿಡಲೇ ಇಲ್ಲ. ಬಿದ್ದರೆ ಏನಾಗುತ್ತದೋ ಎಂಬ ಭಯ ಮೈಯಲ್ಲಿ ಸೇರಿಹೋಗಿತ್ತು.

ಕೊನೆಗೆ ಒಂದು ದಿನ ಡಾಕ್ಟರು ಹೊಸ ಎಕ್ಸ್‌ರೇ ನೋಡಿ, ಅವಳನ್ನು ಕೋಣೆಯಲ್ಲಿ ಆ ಕಡೆ ಈ ಕಡೆ ನಡೆಸಿ, ನಮ್ಮ ಕಡೆ ತಿರುಗಿದರು. "ಇನ್ನು ಇವಳನ್ನ ಕರ್ಕೊಂಡು ಬರಬೇಡಿ. ನನ್ನಿಂದ ಆಗಬೇಕಾದ್ದು ಏನೂ ಇಲ್ಲ. ಉಳಿದ ಮಕ್ಕಳ ಹಾಗೇ ಬೆಳೀಲಿ" ಎಂದರು. ನಮ್ಮನೆಯವರು ಅವತ್ತು ರಜೆ ಹಾಕಿ ಬಂದಿದ್ದರು. ಡಾಕ್ಟರ ಎರಡೂ ಕೈ ಹಿಡಿದುಕೊಂಡು ನಿಂತುಬಿಟ್ಟರು.

ಉದ್ದನಪಲ್ಲಿಗೆ ಬಂದಾಗ ಇನ್ನೂ ಬಿಸಿಲಿತ್ತು. ಅಂಗಳದಲ್ಲಿ ಕಾರು ನಿಂತಿತು. ಕೋಳಿಯೊಂದು ಮರಿಗಳನ್ನು ಕಟ್ಟಿಕೊಂಡು ಎದುರಿಗೆ ಹಾದುಹೋಗುತ್ತಿತ್ತು. ನಾನು ಪಟ್ಟಿ ಬಿಚ್ಚಿದೆ. ಶೈಲ ನನ್ನ ಕೈ ತಳ್ಳಿ, ಕಾರಿನಿಂದ ಜಾರಿ ಇಳಿದು, ಕೋಳಿಮರಿಗಳ ಹಿಂದೆ ಹೊರಟಳು. ಮೊದಲು ನಡೆದಳು, ಆಮೇಲೆ ಬೇಗ ನಡೆದಳು, ಆಮೇಲೆ ಎರಡೂ ಕೈ ಮೇಲೆತ್ತಿಕೊಂಡು ಓಡಿದಳು. ಅವಳು ಓಡಿದ್ದನ್ನು ನಾವು ಅದುವರೆಗೆ ನೋಡಿರಲಿಲ್ಲ.

"ಹಿಡ್ಕೊಳ್ಳೇ, ಬಿದ್ದೋಗ್ತಾಳೆ!" ಅತ್ತೆ ಕೂಗಿದರು.

ನಾನು ಹೋಗಲಿಲ್ಲ. ಕಾರಿನ ಬಾಗಿಲು ಹಿಡಿದುಕೊಂಡು ನಿಂತೆ. ಹೋಗಬಾರದೆಂದು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಬೆರಳು ನೋಯುತ್ತಿದ್ದವು. ಅವಳು ತಿಪ್ಪೆಯ ಹತ್ತಿರ ಕಲ್ಲೆಡವಿ ಮುಂದಕ್ಕೆ ಬಿದ್ದಳು. ಶೈಲ ಎದ್ದು ಕೂತು ತನ್ನ ಮಂಡಿ ನೋಡಿಕೊಂಡಳು. ತರಚಿ ರಕ್ತ ಬಂದಿತ್ತು. ಇದೇನು ಹೊಸದು ಎಂದು ಬೆರಳಿನಿಂದ ಮುಟ್ಟಿ ನೋಡಿದಳು, ಲಂಗಕ್ಕೆ ಒರೆಸಿಕೊಂಡಳು, ಎದ್ದು ಮತ್ತೆ ಕೋಳಿಮರಿಗಳ ಹಿಂದೆ ಓಡಿದಳು.

ಅತ್ತೆ ಅಳುತ್ತಿದ್ದರೋ ನಗುತ್ತಿದ್ದರೋ ಹೇಳಲಾರೆ. ಬೀದಿಗೆ ಹೋಗಿ ನಿಂತು, ತಮ್ಮ ಆ ದೊಡ್ಡ ಗಂಟಲಿನಲ್ಲಿ ಕೇರಿಗೆಲ್ಲ ಕೇಳುವ ಹಾಗೆ ಕೂಗಿದರು: "ರಾಧಮ್ಮಾ, ಬಾರೇ ಇಲ್ಲಿ! ನಮ್ ಶೈಲ ಓಡೋಗಿ ಬಿದ್ಬುಟ್ಲು ಕಣೇ! ಮಂಡಿ ತರ್ಚ್ಕೊಂಡವ್ಳೆ, ಬಂದು ನೋಡೇ!"